ಕಳ್ಳಸಾಗಣೆದಾರ ಯಾರು? ಸರಾಯೆವೊದ ಸುರಂಗ ಹೇಳುವ ಸತ್ಯ

'ಕಳ್ಳಸಾಗಣೆ' ಎಂಬ ಪದ ಕಿವಿಗೆ ಬಿದ್ದೊಡನೆ ನಮ್ಮ ದೇಶದ ಬಹಳಷ್ಟು ಜನರ ಮನಸ್ಸಿನಲ್ಲಿ ಒಂದು ನಿರ್ದಿಷ್ಟ ಮುಖ ಮೂಡುತ್ತದೆ. ಆ ಮುಖಕ್ಕೆ ನಿರ್ದಿಷ್ಟವಾದ ಹೆಸರಿರುತ್ತದೆ, ಉಡುಪಿರುತ್ತದೆ, ಊರಿರುತ್ತದೆ. ದಶಕಗಳ ಕಾಲ ಹಿಂದಿ ಚಲನಚಿತ್ರಗಳು ಕೆತ್ತಿ ನಿಲ್ಲಿಸಿದ ಈ ಮುಖಕ್ಕೆ ಸುದ್ದಿವಾಹಿನಿಗಳು ಪ್ರತಿ ಸಂಜೆ ಹೊಸ ಬಣ್ಣ ಬಳಿಯುತ್ತವೆ. ಗಡಿ, ಚಿನ್ನ, ಖೋಟಾ ನೋಟು, ಮಾದಕ ದ್ರವ್ಯ, ಭಯೋತ್ಪಾದನೆ ಇವೆಲ್ಲವನ್ನೂ ಒಂದೇ ದಾರದಲ್ಲಿ ಪೋಣಿಸಿ ಒಂದು ಸಮುದಾಯದ ಕೊರಳಿಗೆ ಹಾಕುವುದು ಈಗ ಪತ್ರಿಕೋದ್ಯಮವೆನಿಸಿಕೊಂಡಿದೆ.

ಇನ್ನೊಂದು ಮಗ್ಗುಲೂ ಇದೆ. ನಮ್ಮದೇ ಕೇರಿಗಳ ಹೋಟೆಲುಗಳಲ್ಲಿ ಚಹಾ ಹೀರುತ್ತಾ "ಸುಂಕ ತಪ್ಪಿಸಿದರೆ ಯಾರಪ್ಪನ ಗಂಟು ಹೋಯಿತು?" ಎಂದು ಕೇಳುವವರಿದ್ದಾರೆ. ಎಲ್ಲಿಂದ ಬಂತೆಂದು ಯಾರೂ ಕೇಳದ ಹಣದಿಂದ ಊರಿಗೊಂದು ಕಮಾನು ಕಟ್ಟಿಸಿದವನನ್ನು ವೇದಿಕೆಗೆ ಕರೆದು ಶಾಲು ಹೊದಿಸುವವರೂ ಇದ್ದಾರೆ. ಮೊದಲನೆಯವರು ಅಪರಾಧಕ್ಕೆ ಧರ್ಮದ ಹೆಸರಿಡುತ್ತಾರೆ. ಎರಡನೆಯವರು ಅಪರಾಧವನ್ನು ಜಾಣತನವೆಂದು ಕರೆಯುತ್ತಾರೆ. ಈ ಇಬ್ಬರೂ ಓದಲೇಬೇಕಾದ ಒಬ್ಬ ವಿದ್ವಾಂಸನಿದ್ದಾನೆ. ಅವನು ಮುಸ್ಲಿಮನಲ್ಲ, ಏಷ್ಯಾದವನೂ ಅಲ್ಲ. ಅಮೇರಿಕದ ಪ್ರತಿಷ್ಠಿತ ವಿಶ್ವವಿದ್ಯಾಲಯವೊಂದರಲ್ಲಿ ಪಾಠ ಹೇಳುವ ರಾಜಕೀಯ ಶಾಸ್ತ್ರಜ್ಞ. ಹೆಸರು ಪೀಟರ್ ಆಂಡ್ರಿಯಾಸ್.

ಗಡಿ ದಾಟುತ್ತಾ ಬೆಳೆದ ಬಾಲಕ

1965ರಲ್ಲಿ ಜನಿಸಿದ ಆಂಡ್ರಿಯಾಸ್‌ರ ಬಾಲ್ಯವೇ ಒಂದು ಕಥೆ. ಸಂಪ್ರದಾಯಸ್ಥ ಮೆನೊನೈಟ್ ಕ್ರೈಸ್ತ ಕುಟುಂಬದಲ್ಲಿ ಹುಟ್ಟಿದ ಅವರ ತಾಯಿ ಕ್ಯಾರಲ್ ಆಂಡ್ರಿಯಾಸ್ ಮುಂದೆ ಮಾರ್ಕ್ಸ್‌ವಾದಿಯೂ ಸ್ತ್ರೀವಾದಿ ಹೋರಾಟಗಾರ್ತಿಯೂ ಆದರು. ಗಂಡನೊಂದಿಗಿನ ವ್ಯಾಜ್ಯದ ನಡುವೆ ಆಕೆ ಪುಟ್ಟ ಮಗನನ್ನು ಕರೆದುಕೊಂಡು ಕ್ರಾಂತಿಯನ್ನರಸಿ ಲ್ಯಾಟಿನ್ ಅಮೇರಿಕಕ್ಕೆ ಹೊರಟುಬಿಟ್ಟರು. ಅಲೆಂದೆಯ ಆಳ್ವಿಕೆಯ ಚಿಲಿ, ಅನಂತರ ಪೆರು, ಹೀಗೆ ದೇಶದಿಂದ ದೇಶಕ್ಕೆ ಅಲೆಯುತ್ತಾ ಆ ಹುಡುಗ ಬೆಳೆದ. ಈ ಅನುಭವವನ್ನು ಅವರು 2017ರಲ್ಲಿ ಪ್ರಕಟವಾದ 'ರೆಬೆಲ್ ಮದರ್' ಎಂಬ ಆತ್ಮಕಥನದಲ್ಲಿ ದಾಖಲಿಸಿದ್ದಾರೆ. ಗಡಿಯ ಕಾಯಿದೆಯೊಂದು, ಗಡಿಯಲ್ಲಿ ನಿಜವಾಗಿ ನಡೆಯುವುದು ಇನ್ನೊಂದು ಎಂಬುದನ್ನು ಗ್ರಂಥಾಲಯಕ್ಕಿಂತ ಮೊದಲೇ ಬದುಕು ಅವರಿಗೆ ಕಲಿಸಿರಬೇಕು.

ಸ್ವಾರ್ತ್‌ಮೋರ್ ಕಾಲೇಜಿನಲ್ಲಿ ಪದವಿ, ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್, ಹಾರ್ವರ್ಡ್ ಮತ್ತು ಬ್ರೂಕಿಂಗ್ಸ್‌ನಲ್ಲಿ ಸಂಶೋಧನೆ, ಬಳಿಕ ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್ ನಗರದಲ್ಲಿರುವ ಬ್ರೌನ್ ವಿಶ್ವವಿದ್ಯಾಲಯದಲ್ಲಿ ಅಂತಾರಾಷ್ಟ್ರೀಯ ಅಧ್ಯಯನದ ಪ್ರಾಧ್ಯಾಪಕ ಹುದ್ದೆ. ಅಮೇರಿಕದ ವಿದ್ವತ್ ಲೋಕದ ಗಣ್ಯ ಮಾರ್ಗದಲ್ಲೇ ನಡೆದು ಬಂದವರು ಇವರು. ಆದರೆ ಅವರು ಆರಿಸಿಕೊಂಡ ವಿಷಯ ಮಾತ್ರ ಗಣ್ಯರಿಗೆ ಇರಿಸುಮುರಿಸು ತರುವಂಥದ್ದು. ಯುದ್ಧ ಮತ್ತು ಕಳ್ಳಸಾಗಣೆಗಳ ನಡುವಿನ ನಂಟು, ಕಾನೂನು ಮತ್ತು ಕಾಳಸಂತೆಗಳ ನಡುವಿನ ನಂಟು, ಇದೇ ಅವರ ಜೀವಮಾನದ ಅಧ್ಯಯನ.

ಅವರ ಬರಹಗಳ ಸಾರವನ್ನು ಹೀಗೆ ಹೇಳಬಹುದು. ವಸ್ತುವೊಂದು ತಾನಾಗಿ ಕಳ್ಳಮಾಲು ಆಗುವುದಿಲ್ಲ. ರಾಜ್ಯಶಕ್ತಿ ಅದನ್ನು ನಿಷೇಧಿಸಿದಾಗ, ಅದರ ಮೇಲೆ ವಿಪರೀತ ಸುಂಕ ಹೇರಿದಾಗ ಅಥವಾ ದಾರಿಗೆ ಅಡ್ಡಗೋಡೆ ಕಟ್ಟಿದಾಗ ಅದು ಕಳ್ಳಮಾಲಾಗುತ್ತದೆ. ಗೋಡೆ ಎತ್ತರವಾದಷ್ಟೂ ಅದನ್ನು ದಾಟಿಸುವವನ ಕೂಲಿ ಏರುತ್ತದೆ. ಆದ್ದರಿಂದ ಕಳ್ಳಸಾಗಣೆದಾರನ ಚರಿತ್ರೆಯನ್ನು ಬರೆಯಹೊರಟವನು ಗೋಡೆ ಕಟ್ಟಿದವನ ಚರಿತ್ರೆಯನ್ನೂ ಬರೆಯಲೇಬೇಕಾಗುತ್ತದೆ.

ಊರು ಕೊಳ್ಳೆ ಹೊಡೆದವರು ಕಟ್ಟಿದ ಕೋಟೆ

2013ರಲ್ಲಿ ಪ್ರಕಟವಾದ ಅವರ 'ಸ್ಮಗ್ಲರ್ ನೇಶನ್' ಎಂಬ ಗ್ರಂಥದ ಹೆಸರೇ ಸಾಕಷ್ಟು ಹೇಳುತ್ತದೆ. ಕಳ್ಳಸಾಗಣೆಯು ಅಮೇರಿಕವನ್ನು ಹೇಗೆ ಕಟ್ಟಿತು ಎಂಬುದು ಅದರ ವಸ್ತು. ಇಡೀ ಜಗತ್ತಿಗೆ ಕಾನೂನಿನ ಪಾಠ ಹೇಳುವ ದೇಶದ ಜನ್ಮಜಾತಕ ಅದರಲ್ಲಿದೆ.

1733ರ ಕಾಕಂಬಿ ಕಾಯಿದೆಯಿಂದ ಆರಂಭಿಸಿ ಬ್ರಿಟಿಷರು ವಸಾಹತುಗಳ ವ್ಯಾಪಾರದ ಮೇಲೆ ಸುಂಕ ಹೇರಿದಾಗ ಅಲ್ಲಿನ ವರ್ತಕರು ಸುಂಕ ತಪ್ಪಿಸಿ ಕಾಕಂಬಿಯನ್ನೂ ಮದ್ಯವನ್ನೂ ಸಾಗಿಸಿದರು. 1776ರ ಸ್ವಾತಂತ್ರ್ಯ ಘೋಷಣೆಗೆ ಮೊದಲ ಸಹಿ ಹಾಕಿದ ಜಾನ್ ಹ್ಯಾನ್‌ಕಾಕ್‌ನ 'ಲಿಬರ್ಟಿ' ಹಡಗನ್ನು 1768ರಲ್ಲಿ ಸುಂಕದ ಅಧಿಕಾರಿಗಳು ಕಳ್ಳಸಾಗಣೆಯ ಆರೋಪದ ಮೇಲೆ ಜಪ್ತಿ ಮಾಡಿದ್ದರು. 1772ರ ಜೂನ್ ತಿಂಗಳ ಒಂದು ರಾತ್ರಿ ರೋಡ್ ಐಲೆಂಡಿನ ಕೊಲ್ಲಿಯಲ್ಲಿ ಸಿಕ್ಕಿಕೊಂಡಿದ್ದ 'ಗ್ಯಾಸ್ಪೀ' ಎಂಬ ಬ್ರಿಟಿಷ್ ಗಸ್ತು ನೌಕೆಗೆ ಪ್ರಾವಿಡೆನ್ಸ್‌ನ ಜನ ಬೆಂಕಿಯಿಟ್ಟರು. ಅದರ ಮುಂದಾಳು ಜಾನ್ ಬ್ರೌನ್ ಎಂಬ ಶ್ರೀಮಂತ ವರ್ತಕ. ಇಂದು ಅದು ಸ್ವಾತಂತ್ರ್ಯ ಸಮರದ ನಾಂದಿಯೆಂದು ಅಲ್ಲಿ ಕೊಂಡಾಡಲ್ಪಡುತ್ತಿದೆ.

ಆಂಡ್ರಿಯಾಸ್ ಪಾಠ ಹೇಳುವ ವಿಶ್ವವಿದ್ಯಾಲಯಕ್ಕೆ ಹೆಸರು ನೀಡಿದ್ದು ಇದೇ ಬ್ರೌನ್ ಮನೆತನ. ಗುಲಾಮರ ವ್ಯಾಪಾರಕ್ಕೆ ಹಡಗು ಸಜ್ಜುಗೊಳಿಸುವುದನ್ನು ನಿಷೇಧಿಸಿದ 1794ರ ಕಾಯಿದೆಯಡಿ ವಿಚಾರಣೆಗೆ ಗುರಿಯಾದ ಮೊದಲ ಅಮೇರಿಕನ್ನನೂ ಇದೇ ಜಾನ್ ಬ್ರೌನ್. 1797ರಲ್ಲಿ ಅವನ ಹಡಗು ಮುಟ್ಟುಗೋಲಾಯಿತು. ಈ ಮನೆತನದ ಗುಲಾಮ ವ್ಯಾಪಾರದ ನಂಟಿನ ಬಗ್ಗೆ ವಿಶ್ವವಿದ್ಯಾಲಯವೇ ತನಿಖೆ ನಡೆಸಿ 2006ರಲ್ಲಿ ವರದಿ ಪ್ರಕಟಿಸಿತು ಎಂಬುದನ್ನು ಮೆಚ್ಚಲೇಬೇಕು. ತನ್ನ ಪೂರ್ವಜರ ಪಾಪವನ್ನು ತಾನೇ ದಾಖಲಿಸುವ ಧೈರ್ಯ ನಮ್ಮಲ್ಲಿ ಎಷ್ಟು ಸಂಸ್ಥೆಗಳಿಗಿದೆ?

ಜಾನ್‌ನ ಸಹೋದರ ಮೋಸೆಸ್ ಬ್ರೌನ್ ಗುಲಾಮಗಿರಿಯ ವಿರೋಧಿ. ಆದರೆ ಅಮೇರಿಕದ ಮೊದಲ ಯಶಸ್ವಿ ಹತ್ತಿ ನೂಲಿನ ಗಿರಣಿಗೆ ಅವನು ಬಂಡವಾಳ ಹೂಡಿದ್ದು ಸಾಮ್ಯುಯೆಲ್ ಸ್ಲೇಟರ್ ಎಂಬ ಆಂಗ್ಲ ಕುಶಲಕರ್ಮಿಯನ್ನು ನಂಬಿ. ನುರಿತ ಕೆಲಸಗಾರರು ದೇಶ ಬಿಡುವುದನ್ನೂ ಯಂತ್ರಗಳು ಹೊರಹೋಗುವುದನ್ನೂ ಬ್ರಿಟನ್ ನಿಷೇಧಿಸಿದ್ದ ಕಾಲವದು. 1789ರಲ್ಲಿ ಸ್ಲೇಟರ್ ರೈತನ ವೇಷದಲ್ಲಿ, ಯಂತ್ರದ ರಚನೆಯನ್ನು ತಲೆಯಲ್ಲಿಟ್ಟುಕೊಂಡು ಹಡಗು ಹತ್ತಿದ. ಅಂದು ಪರರ ಯಂತ್ರವಿದ್ಯೆಯನ್ನು ಕದ್ದು ಮೇಲೆ ಬಂದ ದೇಶ ಇಂದು ಔಷಧದ ಪೇಟೆಂಟು, ತಂತ್ರಾಂಶದ ಹಕ್ಕು ಎಂದು ಬಡ ರಾಷ್ಟ್ರಗಳ ಮೇಲೆ ಕಣ್ಣು ಕೆಂಪಗೆ ಮಾಡುತ್ತದೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆಗೆ ಇಲ್ಲಿ ಹೊಸ ಅರ್ಥವಿದೆ. ಕೊಳ್ಳೆ ಹೊಡೆದವರೇ ಈಗ ಕೋಟೆಯ ಕಾವಲುಗಾರರು.

ಬ್ರಿಟನ್ನಿನ ಚರಿತ್ರೆ ಇದಕ್ಕಿಂತಲೂ ಕರಾಳ. ಚೀನಾದ ಚಕ್ರವರ್ತಿ 1729ರಷ್ಟು ಹಿಂದೆಯೇ ಸೇದುವ ಅಫೀಮಿನ ಮಾರಾಟವನ್ನು ನಿಷೇಧಿಸಿದ್ದ. ಆದರೆ ಈಸ್ಟ್ ಇಂಡಿಯಾ ಕಂಪೆನಿಯು ಬಿಹಾರದ ರೈತರಿಂದ ಗಸಗಸೆ ಬೆಳೆಸಿ, ಕಲ್ಕತ್ತೆಯಲ್ಲಿ ಅಫೀಮಿನ ಪೆಟ್ಟಿಗೆಗಳನ್ನು ಹರಾಜು ಹಾಕಿ, ಖಾಸಗಿ ವರ್ತಕರ ಮೂಲಕ ಚೀನಾದ ಕರಾವಳಿಗೆ ಕದ್ದು ಸಾಗಿಸಿತು. 1839ರಲ್ಲಿ ಲಿನ್ ಝೆಷು ಎಂಬ ನಿಷ್ಠಾವಂತ ಅಧಿಕಾರಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಪೆಟ್ಟಿಗೆ ಅಫೀಮನ್ನು ವಶಪಡಿಸಿಕೊಂಡು ನಾಶಪಡಿಸಿದ. ಕಾನೂನು ಪಾಲಿಸಿದ್ದಕ್ಕೆ ಚೀನಾ ಪಡೆದ ಬಹುಮಾನ ಯುದ್ಧ. 1842ರಲ್ಲಿ ಅದು ಹಾಂಕಾಂಗನ್ನು ಕಳೆದುಕೊಂಡಿತು, ಪರಿಹಾರವನ್ನೂ ತೆತ್ತಿತು. ಆ ಅಫೀಮು ವ್ಯಾಪಾರದಲ್ಲಿ ಹಣ ಮಾಡಿದ ಅಮೇರಿಕನ್ ವರ್ತಕರಲ್ಲಿ ಮುಂದೆ ಅಧ್ಯಕ್ಷರಾದ ಫ್ರಾಂಕ್ಲಿನ್ ರೂಸ್‌ವೆಲ್ಟ್‌ರ ತಾಯಿಯ ತಂದೆ ವಾರನ್ ಡೆಲಾನೊ ಕೂಡ ಇದ್ದರು. ಯುದ್ಧವನ್ನೂ ಮಾದಕ ವಸ್ತುಗಳನ್ನೂ ಜೊತೆಯಾಗಿ ನೋಡುವ 'ಕಿಲ್ಲರ್ ಹೈ' (2020) ಎಂಬ ಗ್ರಂಥದಲ್ಲಿ ಆಂಡ್ರಿಯಾಸ್ ಮದ್ಯ, ತಂಬಾಕು, ಕೆಫೀನ್, ಅಫೀಮು, ಆಂಫೆಟಮಿನ್, ಕೊಕೇನ್ ಎಂಬ ಆರು ಪದಾರ್ಥಗಳು ಸೈನ್ಯ ಮತ್ತು ಸಾಮ್ರಾಜ್ಯಗಳ ಬೊಕ್ಕಸಕ್ಕೆ ಹೇಗೆ ನೆರವಾದವೆಂಬುದನ್ನು ವಿವರಿಸುತ್ತಾರೆ. 'ಮಾದಕ ಭಯೋತ್ಪಾದನೆ'ಯ ಬಗ್ಗೆ ಬೊಬ್ಬಿಡುವವರಿಗೆ ಸಾಮ್ರಾಜ್ಯವೊಂದು ಸ್ವತಃ ಮಾದಕ ವ್ಯಾಪಾರಿಯಾಗಿದ್ದ ಈ ಅಧ್ಯಾಯದ ನೆನಪೇ ಬರುವುದಿಲ್ಲ.

ಗಡಿಯೆಂಬ ರಂಗಸ್ಥಳ

ಆಂಡ್ರಿಯಾಸ್‌ರಿಗೆ ಹೆಸರು ತಂದ ಮೊದಲ ಸ್ವತಂತ್ರ ಕೃತಿ 2000ನೇ ಇಸವಿಯ 'ಬಾರ್ಡರ್ ಗೇಮ್ಸ್'. ಅಮೇರಿಕ, ಮೆಕ್ಸಿಕೊ ಮತ್ತು ಕೆನಡಾಗಳ ಮುಕ್ತ ವ್ಯಾಪಾರ ಒಪ್ಪಂದವು 1994ರ ಜನವರಿ 1ರಂದು ಜಾರಿಗೆ ಬಂತು. ಸರಕಿಗೆ ಗಡಿ ತೆರೆದ ಆ ವರ್ಷಗಳಲ್ಲೇ ಮನುಷ್ಯನಿಗೆ ಗಡಿ ಬಿಗಿಯಾಯಿತು. 1993ರಲ್ಲಿ ಎಲ್ ಪಾಸೊ ನಗರದಲ್ಲಿ, 1994ರಲ್ಲಿ ಸ್ಯಾನ್ ಡೀಗೊ ಬಳಿ ಭಾರೀ ಗಡಿ ಕಾರ್ಯಾಚರಣೆಗಳು ಆರಂಭವಾದವು. ಫಲಿತಾಂಶವೇನು? ವಲಸಿಗರು ನಗರದ ದಾರಿ ಬಿಟ್ಟು ಮರುಭೂಮಿಯ ದಾರಿ ಹಿಡಿದರು. ಹಿಂದೆ ತಾವಾಗಿ ದಾಟುತ್ತಿದ್ದವರಿಗೆ ಈಗ ದಲ್ಲಾಳಿ ಬೇಕಾಯಿತು. ದಲ್ಲಾಳಿಯ ಕೂಲಿ ಏರಿತು, ಚಿಲ್ಲರೆ ದಲ್ಲಾಳಿಯ ಜಾಗಕ್ಕೆ ಸಂಘಟಿತ ಗುಂಪುಗಳು ಬಂದವು. ಅದನ್ನು ತೋರಿಸಿ ಇನ್ನಷ್ಟು ಪೊಲೀಸರನ್ನು ಕೇಳಲಾಯಿತು. ಗಡಿಯ ಪಹರೆಯಲ್ಲಿ ಮತದಾರನ ಕಣ್ಣಿಗಾಗಿ ಆಡುವ ನಾಟಕದ ಪಾಲು ದೊಡ್ಡದು ಎಂಬುದು ಆಂಡ್ರಿಯಾಸ್‌ರ ತೀರ್ಮಾನ. ಚುನಾವಣೆ ಸಮೀಪಿಸಿದೊಡನೆ ನುಸುಳುಕೋರರ ನೆನಪಾಗುವ ನಾಯಕರನ್ನು ಕಂಡಿರುವ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಮುತ್ತಿಗೆಯ ನಗರ, ಮುತ್ತಿಗೆಯ ವ್ಯಾಪಾರ

ಆದರೆ ನಮ್ಮ ಸಮುದಾಯ ಅತ್ಯಂತ ಗಮನವಿಟ್ಟು, ಅತ್ಯಂತ ನೋವಿನಿಂದ ಓದಬೇಕಾದದ್ದು 2008ರಲ್ಲಿ ಪ್ರಕಟವಾದ ಅವರ 'ಬ್ಲೂ ಹೆಲ್ಮೆಟ್ಸ್ ಆ್ಯಂಡ್ ಬ್ಲಾಕ್ ಮಾರ್ಕೆಟ್ಸ್' ಎಂಬ ಕೃತಿಯನ್ನು. ನೀಲಿ ಶಿರಸ್ತ್ರಾಣವೆಂದರೆ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆ. ಕಾಳಸಂತೆಯೆಂದರೆ ಸರಾಯೆವೊದ ಕಾಳಸಂತೆ. ಆ ನಗರದ ನಿವಾಸಿಗಳನ್ನೂ ಪರಿಹಾರ ಕಾರ್ಯಕರ್ತರನ್ನೂ ಪತ್ರಕರ್ತರನ್ನೂ ಮಾತನಾಡಿಸಿ ಸಿದ್ಧಪಡಿಸಿದ ಗ್ರಂಥವಿದು.

1992ರ ಎಪ್ರಿಲ್‌ನಲ್ಲಿ ಆರಂಭವಾಗಿ 1996ರ ಫೆಬ್ರವರಿ 29ರಂದು ಮುಕ್ತಾಯವಾದ ಆ ಮುತ್ತಿಗೆ 1,425 ದಿನಗಳ ಕಾಲ ನಡೆಯಿತು. ಸುತ್ತಲಿನ ಬೆಟ್ಟಗಳ ಮೇಲೆ ಸರ್ಬ್ ಪಡೆಗಳ ಫಿರಂಗಿಗಳಿದ್ದವು. ನೀರಿಗೆ ಸಾಲು ನಿಂತವರು, ರೊಟ್ಟಿಗೆ ಸಾಲು ನಿಂತವರು, ಆಟವಾಡುತ್ತಿದ್ದ ಮಕ್ಕಳು ಎಲ್ಲರೂ ಗುರಿಯಾದರು. ಮುತ್ತಿಗೆ ಆರಂಭವಾದ ಇಪ್ಪತ್ತನೆಯ ವರ್ಷ, 2012ರಲ್ಲಿ ಅಲ್ಲಿನ ಮುಖ್ಯ ಬೀದಿಯಲ್ಲಿ ಸತ್ತವರ ಲೆಕ್ಕಕ್ಕೆ 11,541 ಕೆಂಪು ಕುರ್ಚಿಗಳನ್ನು ಖಾಲಿಯಾಗಿ ಸಾಲಾಗಿಡಲಾಯಿತು.

ಇಂಥ ಮುತ್ತಿಗೆಯಲ್ಲಿ ಒಂದು ನಗರ ಸುಮಾರು ನಾಲ್ಕು ವರ್ಷ ಬದುಕಿ ಉಳಿದದ್ದು ಹೇಗೆ? ಮುತ್ತಿಗೆ ಅಷ್ಟು ದೀರ್ಘವಾಗಿ ಮುಂದುವರಿದದ್ದೇಕೆ? ಆಂಡ್ರಿಯಾಸ್ ಕೇಳುವ ಪ್ರಶ್ನೆಗಳಿವು. ಎರಡಕ್ಕೂ ಅವರು ಕೊಡುವ ಉತ್ತರದ ಒಂದು ದೊಡ್ಡ ಭಾಗ ಒಂದೇ: ಕಳ್ಳಸಾಗಣೆ. ಅದು ನಗರವನ್ನು ಉಳಿಸಿತು. ಮುತ್ತಿಗೆಯಿಂದ ಲಾಭ ಪಡೆಯುವವರನ್ನು ಎರಡೂ ಕಡೆ ಹುಟ್ಟುಹಾಕಿ ಅದರ ಆಯುಷ್ಯವನ್ನೂ ಹೆಚ್ಚಿಸಿತು.

ಮೊದಲು ಕಾನೂನು ಏನು ಮಾಡಿತೆಂದು ನೋಡೋಣ. 1991ರ ಸೆಪ್ಟೆಂಬರ್‌ನಲ್ಲಿ ಭದ್ರತಾ ಸಮಿತಿಯು 713ನೇ ನಿರ್ಣಯದ ಮೂಲಕ ಇಡೀ ಯುಗೊಸ್ಲಾವಿಯಾಕ್ಕೆ ಶಸ್ತ್ರಾಸ್ತ್ರ ಮಾರಾಟವನ್ನು ನಿಷೇಧಿಸಿತು. ಕಾಗದದ ಮೇಲೆ ಇದು ಎಲ್ಲರಿಗೂ ಸಮಾನ. ವಾಸ್ತವದಲ್ಲಿ ಯುಗೊಸ್ಲಾವ್ ಸೇನೆಯ ಆಯುಧಾಗಾರ ಸರ್ಬ್ ಪಡೆಗಳ ಕೈಯಲ್ಲಿತ್ತು. ಹೊಸದಾಗಿ ಸ್ವತಂತ್ರವಾದ ಬೋಸ್ನಿಯಾದ ಕೈ ಬರಿದಾಗಿತ್ತು. ಆಯುಧವುಳ್ಳವನನ್ನೂ ನಿರಾಯುಧನನ್ನೂ ಒಂದೇ ಅಳತೆಗೋಲಿನಿಂದ ಅಳೆಯುವುದು ಆಯುಧವುಳ್ಳವನ ಪಕ್ಷ ವಹಿಸಿದಂತೆಯೇ. ಆತ್ಮರಕ್ಷಣೆಗಾಗಿ ಬಂದೂಕು ತರಿಸಿದ ಬೋಸ್ನಿಯನ್ನನು ಆ ಕಾನೂನಿನ ದೃಷ್ಟಿಯಲ್ಲಿ ಕಳ್ಳಸಾಗಣೆದಾರ. 1994ರಲ್ಲಿ ಇರಾನಿನ ಆಯುಧಗಳು ಕ್ರೊವೇಶಿಯಾದ ಮೂಲಕ ಸಾಗಲು ಅನುಮತಿ ಕೋರಿದಾಗ ಅಮೇರಿಕದ ರಾಯಭಾರಿ ತನಗೆ ಸೂಚನೆಯೇ ಬಂದಿಲ್ಲವೆಂದು ಹೇಳಿ ಕಣ್ಣು ಮುಚ್ಚಿಕೊಂಡರು. ಕ್ಲಿಂಟನ್ ಆಡಳಿತವೇ ಹಾಗೆ ಹೇಳಿಸಿತ್ತೆಂಬುದು 1996ರಲ್ಲಿ ಬಹಿರಂಗವಾಯಿತು. ಬಹಿರಂಗದಲ್ಲಿ ನಿಷೇಧದ ಕಾವಲು, ಒಳಗೊಳಗೇ ನಿಷೇಧದ ಉಲ್ಲಂಘನೆ!

ವಿಮಾನ ನಿಲ್ದಾಣದ ಕಥೆಯೂ ಹೀಗೆಯೇ. 1992ರ ಬೇಸಿಗೆಯಲ್ಲಿ ಅದನ್ನು ವಿಶ್ವಸಂಸ್ಥೆ ತನ್ನ ಸ್ವಾಧೀನಕ್ಕೆ ಪಡೆಯಿತು. 1996ರ ಜನವರಿಯವರೆಗೆ ಸುಮಾರು 1,60,000 ಟನ್ ಪರಿಹಾರ ಸಾಮಗ್ರಿಯನ್ನು ವಿಮಾನಗಳು ಹೊತ್ತು ತಂದವು. ಇದೊಂದು ದೊಡ್ಡ ಉಪಕಾರ, ನಿರಾಕರಿಸಲಾಗದು. ಆದರೆ ಈ ವ್ಯವಸ್ಥೆ ನಿಂತದ್ದು ಮುತ್ತಿಗೆ ಹಾಕಿದವರ ಒಪ್ಪಿಗೆಯ ಮೇಲೆ. ಪರಿಹಾರದ ಒಂದು ಪಾಲು ಅವರಿಗೂ ಸಲ್ಲಬೇಕಾಗಿತ್ತು. ರನ್‌ವೇ ದಾಟಿ ತಪ್ಪಿಸಿಕೊಳ್ಳಲೆತ್ನಿಸಿದ ನಾಗರಿಕರನ್ನು ಶಾಂತಿಪಾಲಕರು ಹಿಡಿದು ಮತ್ತೆ ನಗರದೊಳಕ್ಕೆ ಅಟ್ಟುತ್ತಿದ್ದರು. ಅವರ ದೀಪದ ಬೆಳಕಿನಲ್ಲಿ ಕಂಡವರಿಗೆ ಬೆಟ್ಟದ ಮೇಲಿನ ಬಂದೂಕುಗಳು ಗುರಿಯಿಡುತ್ತಿದ್ದವು. ಇತ್ತ ಶಾಂತಿಪಾಲಕರಲ್ಲೇ ಕೆಲವರು ಪೆಟ್ರೋಲು, ಸಿಗರೇಟುಗಳ ವ್ಯಾಪಾರಕ್ಕಿಳಿದರು. ಅಂಥ ಆರೋಪದ ಮೇಲೆ ಉಕ್ರೇನಿನ ಕೆಲವು ಸೈನಿಕರನ್ನು 1993ರಲ್ಲಿ ವಾಪಸು ಕಳುಹಿಸಲಾಯಿತು.

ಆಗ ನಗರ ತನ್ನ ದಾರಿಯನ್ನು ತಾನೇ ತೋಡಿಕೊಂಡಿತು. ಅಕ್ಷರಶಃ ತೋಡಿಕೊಂಡಿತು. ಡೊಬ್ರಿನ್ಯಾ ಬಡಾವಣೆಯಿಂದಲೂ ಆಚೆಯ ಬುಟ್ಮಿರ್ ಹಳ್ಳಿಯಿಂದಲೂ ಗುದ್ದಲಿ, ಹಾರೆಗಳಿಂದ ಅಗೆದು, ರನ್‌ವೇಯ ಅಡಿಯಲ್ಲೇ ಸುಮಾರು 800 ಮೀಟರ್ ಉದ್ದದ ಸುರಂಗವನ್ನು 1993ರ ಜುಲೈ ಕೊನೆಯಲ್ಲಿ ಪೂರ್ತಿಗೊಳಿಸಲಾಯಿತು. ಎತ್ತರದ ಮನುಷ್ಯ ನೆಟ್ಟಗೆ ನಿಲ್ಲಲಾಗದ ಆ ಸುರಂಗದಲ್ಲಿ ಹಿಟ್ಟು, ಇಂಧನ, ಮದ್ದುಗುಂಡು ಒಳಬಂದವು. ಗಾಯಾಳುಗಳು ಹೊರಹೋದರು. ಮುಂದೆ ವಿದ್ಯುತ್ತಿನ ತಂತಿಯೂ ಅದರೊಳಗಿನಿಂದಲೇ ಬಂತು. ಕಾನೂನಿನ ಕಣ್ಣಿಗೆ ಅದು ಕಳ್ಳದಾರಿ. ಹಸಿದವನಿಗೆ ಅದು ಬದುಕಿನ ದಾರಿ.

ನಮ್ಮವರ ಪಾಪ

ಇಷ್ಟಕ್ಕೇ ನಿಲ್ಲಿಸಿದರೆ ಈ ಲೇಖನ ನಮ್ಮ ಓದುಗರಿಗೆ ಬಹಳ ಹಿತವೆನಿಸೀತು. ಆದರೆ ಸತ್ಯ ಇಲ್ಲಿಗೆ ನಿಲ್ಲುವುದಿಲ್ಲ. ಸುರಂಗದ ದಾರಿ ಎಲ್ಲರಿಗೂ ಸಮಾನವಾಗಿ ತೆರೆದಿರಲಿಲ್ಲ. ಪರವಾನಿಗೆ ಬೇಕಿತ್ತು, ಪರಿಚಯ ಬೇಕಿತ್ತು. ನೆಂಟಸ್ತಿಕೆ, ಪ್ರಭಾವವುಳ್ಳವರು ಸರಕು ತಂದು ಹತ್ತಾರು ಪಟ್ಟು ಬೆಲೆಗೆ ತಮ್ಮದೇ ನೆರೆಯವರಿಗೆ ಮಾರಿದರು. ಗ್ರಂಥಗಳನ್ನೋದಿದ ಪ್ರಾಧ್ಯಾಪಕ ಒಲೆ ಉರಿಸಲು ಪುಸ್ತಕಗಳನ್ನು ಸುಡುತ್ತಿದ್ದಾಗ ಅವನ ಬೀದಿಯ ಪುಂಡ ಹೊಸ ಕಾರಿನಲ್ಲಿ ತಿರುಗುತ್ತಿದ್ದ. ಹಗಲು ಗುಂಡು ಹಾರಿಸುತ್ತಿದ್ದ ಎರಡೂ ಪಕ್ಷದವರು ರಾತ್ರಿ ಮುಂಚೂಣಿಯಲ್ಲೇ ಇಂಧನದ ಚೌಕಾಸಿ ನಡೆಸಿದ ಪ್ರಸಂಗಗಳೂ ಇವೆ. ನಗರದ ಸಿಗರೇಟು ಕಾರ್ಖಾನೆ ಮುತ್ತಿಗೆಯುದ್ದಕ್ಕೂ ನಿಲ್ಲಲಿಲ್ಲ. ಹಣಕ್ಕೆ ಬೆಲೆಯಿಲ್ಲದ ಆ ಕಾಲದಲ್ಲಿ ಸೈನಿಕನ ಸಂಬಳ ಸಿಗರೇಟೇ ಆಗಿತ್ತು.

ಇನ್ನೂ ಕಹಿಯಾದ ಮಾತಿದೆ. ಸೈನ್ಯವಿಲ್ಲದ ನಗರವನ್ನು ಆರಂಭದ ದಿನಗಳಲ್ಲಿ ಕಾಪಾಡಿದವರಲ್ಲಿ ನಗರದ ರೌಡಿಗಳೂ ಇದ್ದರು. ಯೂಸುಫ್ ಪ್ರಾಜಿನಾ, ಮುಶಾನ್ ತೋಪಲೊವಿಚ್ ಮುಂತಾದವರು ಬಂದೂಕು ಹಿಡಿದು ವೀರರೆನಿಸಿದರು. ಬಳಿಕ ಅದೇ ಬಂದೂಕಿನಿಂದ ಸುಲಿಗೆ ಮಾಡಿದರು. 'ತ್ಸಾತ್ಸೊ' ಎಂಬ ಅಡ್ಡಹೆಸರಿನ ತೋಪಲೊವಿಚ್‌ನ ಪಡೆಯವರು ನಗರದಲ್ಲೇ ಉಳಿದಿದ್ದ ಸರ್ಬ್ ನಾಗರಿಕರನ್ನು ಕೊಂದು ಕಜಾನಿ ಎಂಬ ಕಂದರಕ್ಕೆ ಎಸೆದರು. 1993ರ ಅಕ್ಟೋಬರ್‌ನಲ್ಲಿ ಇಝೆತ್‌ಬೆಗೊವಿಚ್‌ರ ಸರಕಾರ ಸೇನಾ ಕಾರ್ಯಾಚರಣೆ ನಡೆಸಿ ಈ ಗುಂಪುಗಳನ್ನು ಮಟ್ಟಹಾಕಿತು. ತ್ಸಾತ್ಸೊ ಹತನಾದ. ಆದರೆ 1996ರಲ್ಲಿ ಅವನ ಶವವನ್ನು ಮರಳಿ ದಫನ ಮಾಡಿದಾಗ ಸಾವಿರಾರು ಜನ ಸೇರಿ ಅವನನ್ನು ಹುತಾತ್ಮನಂತೆ ಬೀಳ್ಕೊಟ್ಟರು. ಕಜಾನಿಯಲ್ಲಿ ಸತ್ತವರಿಗಾಗಿ ನಗರಾಡಳಿತ ಒಂದು ಸ್ಮಾರಕ ನಿಲ್ಲಿಸಲು 2021ರವರೆಗೆ ಕಾಯಬೇಕಾಯಿತು.

ಅನ್ಯಾಯಕ್ಕೊಳಗಾದ ಸಮುದಾಯದಲ್ಲಿರುವ ಅನ್ಯಾಯಗಾರನು ಸಮುದಾಯದ ನೋವನ್ನೇ ಗುರಾಣಿಯಾಗಿ ಹಿಡಿಯುತ್ತಾನೆ. ಹಸಿವಿನ ಕಾಲದಲ್ಲಿ ದವಸವನ್ನು ಕೂಡಿಟ್ಟು ಬೆಲೆ ಏರಿಸುವ 'ಇಹ್ತಿಕಾರ್' ಪಾಪವೆಂದು ಪ್ರವಾದಿ(ಸ)ರವರು ಎಚ್ಚರಿಸಿರುವುದು ನಮ್ಮ ಮದರಸದ ಮಕ್ಕಳಿಗೂ ಗೊತ್ತು. ಶತ್ರುವಿನ ಮುತ್ತಿಗೆ ಆ ಪಾಪಕ್ಕೆ ವಿನಾಯಿತಿ ಕೊಡುವುದಿಲ್ಲ.

ಸರ್ಬಿಯಾದ ಕಡೆಯೂ ಇದೇ ಕಥೆ, ಇನ್ನೂ ದೊಡ್ಡ ಪ್ರಮಾಣದಲ್ಲಿ. ಯುರೋಪಿನ ಬ್ಯಾಂಕುಗಳನ್ನು ದೋಚಿದ್ದ ಆರ್ಕಾನ್ ಅಲ್ಲಿ ಸೇನಾನಾಯಕನಾದ. 1992ರ ಆರ್ಥಿಕ ದಿಗ್ಬಂಧನವನ್ನು ಮುರಿಯಲು ಮಿಲೊಸೆವಿಚ್ ಸರಕಾರವೇ ಕಳ್ಳಸಾಗಣೆಯನ್ನು ಸಂಘಟಿಸಿತು. ದಿಗ್ಬಂಧನ ಮುಗಿದರೂ ಆ ಜಾಲ ಮುಗಿಯಲಿಲ್ಲ. 2003ರ ಮಾರ್ಚ್‌ನಲ್ಲಿ ಪ್ರಧಾನಿ ಜೊರಾನ್ ಜಿಂಜಿಚ್‌ರನ್ನು ಹತ್ಯೆಗೈದವರು ಭೂಗತ ಗುಂಪು ಮತ್ತು ವಿಶೇಷ ಪಡೆಯ ಮಾಜಿಗಳು. ಯುದ್ಧದಲ್ಲಿ ಸಾಕಿದ ಕಳ್ಳ ಶಾಂತಿಯಲ್ಲಿ ಯಜಮಾನನ ಕೊರಳನ್ನೇ ಹಿಡಿದ.

ನಮ್ಮ ತಕರಾರು

ಆಂಡ್ರಿಯಾಸ್‌ರೊಂದಿಗೆ ನಮಗೊಂದು ತಕರಾರಿದೆ. ಮುತ್ತಿಗೆಯನ್ನು ಒಂದು ವ್ಯಾಪಾರವಾಗಿ ನೋಡತೊಡಗಿದಾಗ ಎಲ್ಲರೂ ವ್ಯಾಪಾರಿಗಳಂತೆ ಕಾಣತೊಡಗುತ್ತಾರೆ. ಬೆಟ್ಟದ ಮೇಲೆ ಫಿರಂಗಿ ಇಟ್ಟವನೂ ಕೆಳಗೆ ಸಕ್ಕರೆ ಮಾರಿದವನೂ ಒಂದೇ ಲೆಕ್ಕದ ಪುಸ್ತಕದ ಎರಡು ಕಲಮುಗಳಾಗುತ್ತಾರೆ. ಆಂಡ್ರಿಯಾಸ್ ಸ್ವತಃ ಆ ತಪ್ಪು ಮಾಡುವುದಿಲ್ಲ. ಆದರೆ 'ಎಲ್ಲರೂ ಕಳ್ಳರೇ, ನಾವೇಕೆ ಮಧ್ಯೆ ಬರಬೇಕು' ಎನ್ನುವ ಯುರೋಪಿನ ರಾಜತಂತ್ರಜ್ಞನಿಗೆ ಇಂಥ ಬರಹ ಒಳ್ಳೆಯ ನೆಪವಾಗಬಲ್ಲದು. ಸರಾಯೆವೊದ ನಾಗರಿಕರ ಮೇಲಿನ ದಾಳಿಗಾಗಿ ಅಂತಾರಾಷ್ಟ್ರೀಯ ನ್ಯಾಯಮಂಡಳಿಯು ಜನರಲ್ ಗಾಲಿಚ್‌ಗೆ 2006ರಲ್ಲಿ ಜೀವಾವಧಿ ಶಿಕ್ಷೆ ವಿಧಿಸಿತು. ಕರಾಜಿಚ್‌ಗೆ 2019ರಲ್ಲಿ ಜೀವಾವಧಿ ಶಿಕ್ಷೆಯಾಯಿತು, ಮ್ಲಾದಿಚ್‌ಗೆ ವಿಧಿಸಿದ್ದ ಜೀವಾವಧಿ ಶಿಕ್ಷೆ 2021ರಲ್ಲಿ ಖಾಯಂ ಆಯಿತು. ಕಾಳಸಂತೆಯ ಅಧ್ಯಯನವನ್ನು ಈ ತೀರ್ಪುಗಳ ಪಕ್ಕದಲ್ಲಿಟ್ಟೇ ಓದಬೇಕು.

ಹಾಗೆಯೇ ಅಂಕಿ-ಅಂಶಗಳ ವಿಷಯದಲ್ಲಿ ಅವರಿಂದ ನಾವು ಕಲಿಯಬೇಕಾದುದಿದೆ. ಕೆಲ್ಲಿ ಗ್ರೀನ್‌ಹಿಲ್ ಜೊತೆ ಅವರು 2010ರಲ್ಲಿ ಸಂಪಾದಿಸಿದ ಗ್ರಂಥವೊಂದು ಅಪರಾಧ ಮತ್ತು ಯುದ್ಧಗಳ ಅಂಕಿಗಳು ಹೇಗೆ ರಾಜಕೀಯದ ಕೈಗೊಂಬೆಯಾಗುತ್ತವೆ ಎಂಬುದನ್ನು ಚರ್ಚಿಸುತ್ತದೆ. ಬೋಸ್ನಿಯಾದಲ್ಲಿ ಎರಡು ಲಕ್ಷ, ಎರಡೂವರೆ ಲಕ್ಷ ಮಂದಿ ಸತ್ತರೆಂದು ನಮ್ಮ ಭಾಷಣಕಾರರು ಇಂದಿಗೂ ಹೇಳುವುದುಂಟು. ಸರಾಯೆವೊದ ಸಂಶೋಧನಾ ಕೇಂದ್ರವೊಂದು ಹೆಸರು ಹೆಸರಾಗಿ ಎಣಿಸಿ 2007ರಲ್ಲಿ ಪ್ರಕಟಿಸಿದ ಸಂಖ್ಯೆ 97,207. ಸತ್ತ ನಾಗರಿಕರಲ್ಲಿ ಬಹುಪಾಲು ಬೋಸ್ನಿಯಾದ ಮುಸ್ಲಿಮರೇ. ಆ ಎಣಿಕೆಯ ನೇತೃತ್ವ ವಹಿಸಿದ ಮಿರ್ಸಾದ್ ತೊಕಾಚಾ ಸ್ವತಃ ಬೋಸ್ನಿಯನ್. ಸಂಖ್ಯೆ ಇಳಿದರೆ ಅಪರಾಧ ಇಳಿಯುವುದಿಲ್ಲ. ಸುಳ್ಳು ಸಂಖ್ಯೆ ಹೇಳಿದರೆ ಮಾತ್ರ ನಿಜವಾದ ಅಪರಾಧವೂ ಸುಳ್ಳೆಂದು ವಾದಿಸಲು ಎದುರಾಳಿಗೆ ದಾರಿಯಾಗುತ್ತದೆ.

ಗಾಝಾದಿಂದ ನಮ್ಮ ಊರಿನವರೆಗೆ

ಸರಾಯೆವೊ ಓದಿದವನಿಗೆ ಗಾಝಾ ಅರ್ಥವಾಗುತ್ತದೆ. 2007ರ ದಿಗ್ಬಂಧನದ ಬಳಿಕ ರಫಾದ ಅಡಿಯಲ್ಲಿ ನೂರಾರು ಸುರಂಗಗಳು ಹುಟ್ಟಿಕೊಂಡವು. ಸಿಮೆಂಟು, ಹಿಟ್ಟು, ಔಷಧ, ಆಡು-ಕುರಿಗಳೂ ಆ ದಾರಿಯಲ್ಲಿ ಬಂದವು. ಹಮಾಸ್ ಆಡಳಿತ ಅದಕ್ಕೆ ತೆರಿಗೆ ವಿಧಿಸಿತು. ಕೆಲವರು ದಿಢೀರನೆ ಶ್ರೀಮಂತರಾದರು. ಮಣ್ಣು ಕುಸಿದು ಸತ್ತವರು ಮಾತ್ರ ಬಡವರ ಮಕ್ಕಳು. 2013ರ ನಂತರ ಈಜಿಪ್ಟ್ ಅವುಗಳನ್ನು ನಾಶಪಡಿಸಿತು. 2024ರ ನವೆಂಬರ್ 16ರಂದು ಗಾಝಾದೊಳಗೆ ಹೊರಟಿದ್ದ 109 ಪರಿಹಾರ ಟ್ರಕ್‌ಗಳ ಪೈಕಿ 98 ಲೂಟಿಯಾದಾಗ ಜಗತ್ತಿನ ಕ್ಯಾಮೆರಾಗಳು ಲೂಟಿಕೋರನತ್ತ ತಿರುಗಿದವು. ಲೂಟಿಕೋರ ಖಂಡಿತ ಪಾಪಿ. ಆದರೆ ಒಂದು ಚೀಲ ಹಿಟ್ಟು ಚಿನ್ನದಷ್ಟು ದುಬಾರಿಯಾಗುವಂತೆ ಬಾಗಿಲು ಮುಚ್ಚಿದವನು ಯಾರು ಎಂಬ ಪ್ರಶ್ನೆಯನ್ನು ಎಷ್ಟು ವಾಹಿನಿಗಳು ಕೇಳಿದವು?

ಚಿನ್ನವೆಂದಾಗ ನಮ್ಮ ಪಶ್ಚಿಮ ಕರಾವಳಿಯ ನೆನಪಾಗುವುದು ಸಹಜ. 1963ರ ಚಿನ್ನ ನಿಯಂತ್ರಣ ನಿಯಮಗಳು, 1968ರ ಚಿನ್ನ ನಿಯಂತ್ರಣ ಕಾಯಿದೆ, ಇವು ಸಾವಿರಾರು ಅಕ್ಕಸಾಲಿಗರ ಒಲೆ ಆರಿಸಿ, ದುಬೈಯಿಂದ ಬರುವ ಕಳ್ಳ ಚಿನ್ನಕ್ಕೆ ಬಾಗಿಲು ತೆರೆದವು. ಆ ಕಾಯಿದೆ ರದ್ದಾದದ್ದು 1990ರಲ್ಲಿ. ಮತ್ತೆ 2013ರಲ್ಲಿ ಆಮದು ಸುಂಕ ಶೇ. 10ಕ್ಕೆ, 2022ರಲ್ಲಿ ಶೇ. 15ಕ್ಕೆ ಏರಿತು. ಕಳ್ಳ ಚಿನ್ನವೂ ಜೊತೆಗೇ ಏರಿತು. 2024ರ ಜುಲೈ ಬಜೆಟಿನಲ್ಲಿ ಸುಂಕವನ್ನು ಶೇ. 6ಕ್ಕೆ ಇಳಿಸುವಾಗ ಸರಕಾರವೇ ಕಳ್ಳಸಾಗಣೆ ತಗ್ಗಬಹುದೆಂಬ ನಿರೀಕ್ಷೆ ಇಟ್ಟುಕೊಂಡಿತ್ತು. ಅಂದರೆ ಕಳ್ಳಸಾಗಣೆಯ ಬೀಜ ಸುಂಕದ ಪಟ್ಟಿಯಲ್ಲಿದೆ, ಯಾರದೇ ಧರ್ಮಗ್ರಂಥದಲ್ಲಿಲ್ಲ ಎಂಬುದನ್ನು ಸರಕಾರವೂ ಬಲ್ಲದು. 2025ರ ಮಾರ್ಚ್‌ನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಹದಿನಾಲ್ಕು ಕಿಲೋಗೂ ಹೆಚ್ಚು ಚಿನ್ನ ಸಿಕ್ಕ ಪ್ರಕರಣದಲ್ಲಿ ಚಿತ್ರನಟಿಯೊಬ್ಬರು ಬಂಧಿತರಾದಾಗ ಯಾರೂ ಅವರ ಸಮುದಾಯದಿಂದ ಉತ್ತರ ಕೇಳಲಿಲ್ಲ. ಕೇಳಬಾರದು ಕೂಡ. ಅಪರಾಧ ಸಾಬೀತಾಗಬೇಕಾದದ್ದು ನ್ಯಾಯಾಲಯದಲ್ಲಿ, ಅದರ ಹೊಣೆ ವ್ಯಕ್ತಿಯದ್ದು. ಈ ನ್ಯಾಯ ಎಲ್ಲರಿಗೂ ಅನ್ವಯಿಸಬೇಕೆಂದಷ್ಟೇ ನಾವು ಕೇಳುತ್ತಿದ್ದೇವೆ.

ಆದರೆ ಈ ನ್ಯಾಯವನ್ನು ಕೇಳುವ ನೈತಿಕ ಹಕ್ಕು ನಮಗೆ ಉಳಿಯಬೇಕಾದರೆ ನಮ್ಮ ಮನೆಯನ್ನು ನಾವು ಗುಡಿಸಬೇಕು. ಸರಾಯೆವೊದ ತಾಯಿ ಮಗುವಿನ ಹಾಲಿಗಾಗಿ ಸುರಂಗದ ದಾರಿ ಕಾದಳು. ನಮ್ಮ ಊರಿನ ಯುವಕನಿಗೆ ಅಂಥ ಮುತ್ತಿಗೆಯೇನೂ ಇಲ್ಲ. ಗಲ್ಫಿನಲ್ಲಿ ಕೆಲಸ ಕಳೆದುಕೊಂಡು ಊರಿಗೆ ಹೊರಟವನಿಗೆ ಯಾರೋ ಒಬ್ಬರು ಟಿಕೇಟು ಮತ್ತು ಕೆಲವು ಸಾವಿರ ರೂಪಾಯಿಯ ಆಸೆ ತೋರಿಸಿ ಪೊಟ್ಟಣವೊಂದನ್ನು ಕೈಗಿಡುತ್ತಾರೆ. ಸಿಕ್ಕಿಬಿದ್ದರೆ ಪತ್ರಿಕೆಯಲ್ಲಿ ಬರುವುದು ಅವನ ಹೆಸರು, ಕಣ್ಣೀರಿಡುವುದು ಅವನ ತಾಯಿ, ಮುರಿದುಬೀಳುವುದು ಅವನ ತಂಗಿಯ ನಿಕಾಹ್. ಕಳುಹಿಸಿದವನ ಹೆಸರು ಯಾವ ಎಫ್‌ಐಆರ್‌ನಲ್ಲೂ ಕಾಣುವುದಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಆ ಯುವಕನನ್ನು ಶಪಿಸುವ ಜಮಾಅತ್ ಕಳುಹಿಸಿದವನ ದೇಣಿಗೆಯ ರಶೀದಿ ಹರಿಯುವಾಗ ಒಮ್ಮೆಯಾದರೂ ಹಣದ ಮೂಲ ಕೇಳಿದೆಯೇ?

ಗೋಡೆ ಕಟ್ಟಿದವನನ್ನು ಪ್ರಶ್ನಿಸುವುದು ನಮ್ಮ ಹಕ್ಕು. ಗೋಡೆಯ ನೆರಳಿನಲ್ಲಿ ಗಂಟು ಕಟ್ಟಿಕೊಂಡವನನ್ನು ಪ್ರಶ್ನಿಸುವುದು ನಮ್ಮ ಕರ್ತವ್ಯ. ಅಮೇರಿಕದ ಪ್ರಾಧ್ಯಾಪಕನೊಬ್ಬ ತನ್ನ ದೇಶದ ಕಳ್ಳ ಚರಿತ್ರೆಯನ್ನು ತನ್ನದೇ ಹೆಸರಿನಲ್ಲಿ ಬರೆಯಬಲ್ಲವನಾದರೆ, ನಮ್ಮ ಮೊಹಲ್ಲಾದ ಬಗ್ಗೆ ಒಂದು ನಿಜ ನುಡಿಯಲು ನಮಗೇಕೆ ನಾಲಿಗೆ ಏಳುವುದಿಲ್ಲ?